ಒಳ್ಳೇ ನೀರು ಹಾಕಿದರೂ ಮೀನು ಸತ್ತದ್ದೇಕೆ?

“ಅಜ್ಜ, ನಾವು ಒಳ್ಳೇ ನೀರೇ ಹಾಕಿದ್ವಲ್ಲ, ಮತ್ಯಾಕ ಸತ್ವು?”

ಕಳೆದ ಬೇಸಿಗೆಯ ಒಂದು ಬೆಳಗ್ಗೆ ಐದನೇ ಕ್ಲಾಸಿನ ನನ್ನ ಮೊಮ್ಮಗ ಹೀಗೆ ಕೇಳಿದ. ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ 60 ಲೀಟರಿನ ಗಾಜಿನ ತೊಟ್ಟಿ ಇದೆ. ಅದರಲ್ಲಿ ಆರು ಏಂಜಲ್ ಮೀನುಗಳಿದ್ದವು. ಅಂದು ಎರಡು ಮಗ್ಗುಲಾಗಿ ತೇಲುತ್ತಿದ್ದವು. ತಪ್ಪು ನನ್ನದೇ ಎಂಬುದು ನನಗೆ ಆಮೇಲೆ ತಿಳಿಯಿತು. ನಿಮ್ಮ ಮನೆಯಲ್ಲಿ ಹಾಗಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ವರ್ಗವಾದಲ್ಲೆಲ್ಲ ಮೊದಲು ವಿಚಾರಿಸುತ್ತಿದ್ದುದು ನೀರಿನ ಬಗ್ಗೆ. ಈಗ ಈ ಐದೂ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಹಡಗಲಿಯ ಪಕ್ಕದಲ್ಲಿ ತುಂಗಭದ್ರೆ ಹರಿಯುತ್ತಾಳೆ. ಹೊಳೆಯಿಂದ ದೂರದ ಊರುಗಳಿಗೆ ಬೋರ್‌ವೆಲ್ಲೇ ಗತಿ. ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಹಂಡೆಯ ತಳದಲ್ಲಿ ಸುಣ್ಣದಂಥ ಬಿಳಿ ಪದರ ಕೂಡುತ್ತದೆ. ಕೂಡ್ಲಿಗಿ ಕಡೆಯ ಕೆಲವು ಹಳ್ಳಿಗಳ ನೀರಿನಲ್ಲಿ ಫ್ಲೋರೈಡ್ ಕೂಡ ಹೆಚ್ಚು. ಕೌಂಟರಿಗೆ ಬಂದ ಗಿರಾಕಿಗಳು ನಕ್ಕಾಗ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತಿದ್ದವು. ಅದು ಎಲೆಅಡಿಕೆಯ ಕಲೆ ಎಂದೇ ನಾನು ಬಹಳ ದಿನ ತಿಳಿದಿದ್ದೆ.

ಹೀಗಾಗಿ ಮನೆಗೆ ಆರ್‌ಓ ಯಂತ್ರ ತಂದಾಗ ನನಗೆ ಬಲು ಸಮಾಧಾನವಾಯಿತು. ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ನಮ್ಮ ಬೋರಿನ ನೀರು 1,400. ಅಂದರೆ ಒಂದು ಲೀಟರಿನಲ್ಲಿ ಸುಮಾರು 1,400 ಮಿಲಿಗ್ರಾಂ ಲವಣ ಕರಗಿದೆ. ಯಂತ್ರದಿಂದ ಬಂದ ನೀರು ಬರೀ 60. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಇದು 500ರ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ 2,000ದವರೆಗೆ ನಡೆಯುತ್ತದೆ.

ಆ ದಿನಗಳಲ್ಲೇ ಮೀನುಗಳು ಮಂಕಾಗಿದ್ದವು. “ಇಷ್ಟು ಶುದ್ಧ ನೀರು ಮನೆಯಲ್ಲೇ ಇದೆಯಲ್ಲ” ಎಂದು ನಾನು ತೊಟ್ಟಿಯ ಹಳೇ ನೀರನ್ನೆಲ್ಲ ಚೆಲ್ಲಿ, ಒಂದೇ ಸಲಕ್ಕೆ ಪೂರ್ತಿ ಆರ್‌ಓ ನೀರು ತುಂಬಿದೆ. ಬೆಳಗಾಗುವಷ್ಟರಲ್ಲಿ ಎರಡು ಮೀನು ಹೋಗಿದ್ದವು.

ಹರಪನಹಳ್ಳಿಯಲ್ಲಿರುವ ನನ್ನ ಗೆಳೆಯರೊಬ್ಬರು ನಿವೃತ್ತ ವಿಜ್ಞಾನ ಮೇಷ್ಟ್ರು. ಫೋನಿನಲ್ಲಿ ಎಲ್ಲ ಕೇಳಿದ ಮೇಲೆ ಅವರು ಅಂದರು: “ನಿಮ್ಮ ಮನೆಯಾಕೆ ಉಪ್ಪಿನಕಾಯಿ ಹಾಕೋದು ನೋಡೀರಿಲ್ಲೋ? ಉತ್ತರ ಅಲ್ಲೇ ಐತಿ.”

ಮಕ್ಕಳೇ, ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟರೆ ಮರುದಿನ ನೀರು ಬಿಟ್ಟಿರುತ್ತದೆ. ಹೊರಗಿನ ಉಪ್ಪು ಹೋಳಿನೊಳಗಿನ ನೀರನ್ನು ಎಳೆದುಕೊಂಡಿದೆ. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿದರೆ ಅದಕ್ಕೆ ವಿರುದ್ಧ: ಹೊರಗಿನ ನೀರು ಒಳಗೆ ನುಗ್ಗಿ ದ್ರಾಕ್ಷಿ ಉಬ್ಬುತ್ತದೆ. ತೆಳು ಪೊರೆಯ ಮೂಲಕ ನೀರು ಲವಣ ಹೆಚ್ಚಿರುವ ಕಡೆಗೇ ಹೋಗುತ್ತದೆ. ಇದನ್ನೇ ಆಸ್ಮಾಸಿಸ್ ಎನ್ನುತ್ತಾರೆ.

ಮೀನಿನ ಕಿವಿರೂ ಅಂಥದೇ ತೆಳು ಪೊರೆ. ಸಿಹಿನೀರಿನ ಮೀನಿನ ಮೈಯೊಳಗೆ ಹೊರಗಿಗಿಂತ ಹೆಚ್ಚು ಲವಣವಿರುವುದರಿಂದ ನೀರು ಸದಾ ಒಳಗೆ ನುಗ್ಗುತ್ತಿರುತ್ತದೆ. ಹೆಚ್ಚಾದ ನೀರನ್ನು ಮೀನಿನ ಮೂತ್ರಪಿಂಡ ಹೊರಹಾಕುತ್ತಲೇ ಇರಬೇಕು. ಗಡಸು ನೀರಿಗೆ ಹೊಂದಿಕೊಂಡ ಮೀನನ್ನು ದಿಢೀರೆಂದು ಲವಣವೇ ಇಲ್ಲದ ನೀರಿಗೆ ಹಾಕಿದರೆ ಅದರ ಮೈ ತಡೆದುಕೊಳ್ಳುವುದಿಲ್ಲ. ನಾನು ಮಾಡಿದ್ದು ಅದನ್ನೇ.

ಇನ್ನು ಯಂತ್ರದ ಕೆಲಸ ಇದರ ಉಲ್ಟಾ. ಪಂಪು ಒತ್ತಡ ಹಾಕಿ, ಲವಣದ ನೀರನ್ನು ಪೊರೆಯ ಮೂಲಕ ಹಿಂಡುತ್ತದೆ. ನೀರು ದಾಟುತ್ತದೆ, ಲವಣ ಬಹುಪಾಲು ಹಿಂದೆಯೇ ಉಳಿಯುತ್ತದೆ. ‘ರಿವರ್ಸ್’ ಎನ್ನುವುದು ಅದಕ್ಕೇ. ಇದಕ್ಕೆ ಬೇಕಾದ ಪೊರೆಯನ್ನು 1950ರ ದಶಕದ ಕೊನೆಯಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿದ್ಧಪಡಿಸಿದವರು ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್. ಸೌರಿರಾಜನ್ ನಮ್ಮ ದೇಶದಿಂದ ಹೋದವರು. ಇಂದು ನಮ್ಮ ಹಳ್ಳಿಗಳ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವಾಗ ಒಳಗೆ ದುಡಿಯುವುದು ಇದೇ ಉಪಾಯ.

ಹಾಗಾದರೆ ಮೀನು ಮೊದಲು ಮಂಕಾದದ್ದು ಏಕೆ? ಇದಕ್ಕೆ ಮೊಮ್ಮಗನೂ ನಾನೂ ಕೂತು ಲೆಕ್ಕ ಹಾಕಿದೆವು. ತೊಟ್ಟಿಗೆ ಮೊದಲು ಹಾಕಿದ್ದು ಅರ್ಧ ಬೋರ್ ನೀರು, ಅರ್ಧ ಕ್ಯಾನಿನ ನೀರು. ಟಿಡಿಎಸ್ ಸುಮಾರು 750. ನಮ್ಮ ಬಿಸಿಲಿಗೆ ವಾರಕ್ಕೆ 3 ಲೀಟರ್ ಆರಿಹೋಗುತ್ತಿತ್ತು. ಅಷ್ಟನ್ನೂ ಬೋರ್ ನೀರಿನಿಂದ ತುಂಬುತ್ತಿದ್ದೆ. ಆರುವುದು ನೀರು ಮಾತ್ರ, ಲವಣ ತೊಟ್ಟಿಯಲ್ಲೇ ಉಳಿಯುತ್ತದೆ. 3 ಲೀಟರಿನಲ್ಲಿ 4,200 ಮಿಲಿಗ್ರಾಂ ಲವಣ. 60 ಲೀಟರಿಗೆ ಹಂಚಿದರೆ ವಾರಕ್ಕೆ 70ರ ಏರಿಕೆ. ಹತ್ತು ವಾರಕ್ಕೆ 700! ತೊಟ್ಟಿಯ ನೀರು 1,450 ಮುಟ್ಟಿ, ಬೋರಿನದಕ್ಕಿಂತ ಗಡಸಾಗಿತ್ತು. ಮೂವತ್ತೈದು ವರ್ಷ ಬಡ್ಡಿ ಬರೆದ ನನಗೆ ಮನೆಯ ತೊಟ್ಟಿಯಲ್ಲಿ ಬೆಳೆಯುತ್ತಿದ್ದ ಬಡ್ಡಿ ಕಾಣಲೇ ಇಲ್ಲ.

ಈಗ ನಾವು ಮಾಡುವುದು ಹೀಗೆ.

ಆರಿದಷ್ಟು ನೀರಿಗೆ ಬರೀ ಆರ್‌ಓ ನೀರು. ವಾರಕ್ಕೊಮ್ಮೆ 10 ಲೀಟರ್ ಹಳೇ ನೀರು ತೆಗೆದು ಬೆರಕೆ ನೀರು ಹಾಕುತ್ತೇವೆ: ನಾಲ್ಕು ಪಾಲು ಆರ್‌ಓ, ಒಂದು ಪಾಲು ಬೋರಿನದು. ನಾಲ್ಕು ಅರವತ್ತು 240, ಅದಕ್ಕೆ 1,400 ಕೂಡಿಸಿ ಐದರಿಂದ ಭಾಗಿಸಿದರೆ 328. ಈ ಲೆಕ್ಕ ಮೊಮ್ಮಗನದು. ಬೆರಕೆ ನೀರನ್ನು ಒಂದು ರಾತ್ರಿ ಬಕೆಟ್‌ನಲ್ಲಿಟ್ಟು, ತೊಟ್ಟಿಯಷ್ಟೇ ಬೆಚ್ಚಗಾದ ಮೇಲೆ ನಿಧಾನವಾಗಿ ಸುರಿಯುತ್ತೇವೆ. ಏನೇ ಬದಲಾವಣೆಯಿದ್ದರೂ ವಾರಗಟ್ಟಲೆ ಸಮಯ ಕೊಡುತ್ತೇವೆ.

ಹೊಸ ಪೊರೆ ಹಾಕಿಸಿದಾಗ ಮೊದಲು ಬರುವ ನೀರನ್ನು ಕುಡಿಯುವುದೂ ಇಲ್ಲ, ತೊಟ್ಟಿಗೂ ಹಾಕುವುದಿಲ್ಲ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಅದು ಮೀನಿಗೂ ಕೆಟ್ಟದ್ದು, ಪೊರೆಗೂ ಕೆಟ್ಟದ್ದು. ಅದನ್ನು ತಡೆಯುವುದು ಇದ್ದಿಲಿನ ಫಿಲ್ಟರು. ಆದ್ದರಿಂದ ಅದನ್ನು ಹೊತ್ತಿಗೆ ಸರಿಯಾಗಿ ಬದಲಿಸುತ್ತೇವೆ. ಮೀಟರಿನ ಅಂಕಿ 60ರಿಂದ ಮೇಲೇರುತ್ತ ಹೋದರೆ ಪೊರೆ ಸವೆದಿದೆ ಎಂದರ್ಥ.

ಯಂತ್ರ ಒಂದು ಲೀಟರ್ ಕೊಡಲು ಮೂರು ಲೀಟರ್ ಹೊರಬಿಡುತ್ತದೆ. ಬರದ ನಾಡಿನಲ್ಲಿ ಅದನ್ನು ಮೋರಿಗೆ ಬಿಡಲು ಮನಸ್ಸು ಬಾರದು. ಮೊದಲು ಮಲ್ಲಿಗೆ ಬಳ್ಳಿಗೆ ಹಾಕುತ್ತಿದ್ದೆ. ಆ ನೀರಿನ ಟಿಡಿಎಸ್ 1,850ರ ಹತ್ತಿರ. ಎಲೆಯ ಅಂಚು ಸುಟ್ಟಂತಾಯಿತು. ಈಗ ಅದು ನೆಲ ಒರೆಸಲು, ಪಾಯಿಖಾನೆಗೆ. ಬಳ್ಳಿಗೆ ತೊಟ್ಟಿಯ ಹಳೇ ನೀರು; ಮೀನಿನ ಗೊಬ್ಬರವೂ ಸೇರಿರುತ್ತದೆ.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಟಿಡಿಎಸ್ ಮೀಟರ್ ಫ್ಲೋರೈಡನ್ನು ತೋರಿಸುವುದಿಲ್ಲ. ಅಂಕಿ ಕಡಿಮೆಯಿದೆಯೆಂದು ನಂಬಿ ಕೂರಬೇಡಿ. ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಬಾರದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತದೆ. ಹಲ್ಲು ಬೆಳೆಯುವ ವಯಸ್ಸಿನ ಮಕ್ಕಳಿರುವ ಮನೆಯಲ್ಲಂತೂ ಈ ಪರೀಕ್ಷೆ ತಪ್ಪಿಸಬೇಡಿ.

ಉಳಿದ ನಾಲ್ಕು ಮೀನು ಈಗ ಅಂಗೈಯಗಲ ಬೆಳೆದಿವೆ. ತೊಟ್ಟಿಯ ಪಕ್ಕ ಒಂದು ನೋಟ್‌ಬುಕ್ ತೂಗುಬಿಟ್ಟಿದೆ. ತಾರೀಖು, ಟಿಡಿಎಸ್, ಹಾಕಿದ ನೀರು ಎಂದು ಮೂರು ಕಾಲಂ. ಪ್ರತಿ ಭಾನುವಾರ ಮೊಮ್ಮಗ ಬರೆಯುತ್ತಾನೆ, ನಾನು ಕೆಳಗೆ ಸಹಿ ಹಾಕುತ್ತೇನೆ. ಮೊನ್ನೆ ನಾನು ಮರೆತು ಬೋರಿನ ನೀರಿನ ತಂಬಿಗೆ ಎತ್ತಿದ್ದೆ. ಅವನು ಓಡಿಬಂದು ಕೈ ಹಿಡಿದ: “ಅಜ್ಜ, ಮೊದಲು ಲೆಕ್ಕ, ಆಮೇಲೆ ನೀರು!”