ಚೆನ್ನಮ್ಮನ ವೇಷದಲ್ಲಿ ಕಿತ್ತೂರು ಮ್ಯೂಸಿಯಂಗೆ: ಹೋಗೋ ಮುಂಚೆ ಇದು ಗೊತ್ತಿರಲಿ

ಕಿತ್ತೂರು: ಮಗಳಿಗೆ ರಾಣಿ ಚೆನ್ನಮ್ಮನ ವೇಷ ಹಾಕಿ ಕೋಟೆಯ ಮ್ಯೂಸಿಯಂಗೆ ಕರ್ಕೊಂಡು ಹೋಗೋ ಆಸೆನಾ? ಹೋಗಿ. ಆದ್ರೆ ಬಾಡಿಗೆಗೆ ಸಿಗೋ ಆ ಡ್ರೆಸ್ ಸಿನಿಮಾದ್ದು, ಇತಿಹಾಸದ್ದಲ್ಲ.

ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಿದ್ದು 1829ರಲ್ಲಿ. ಫೋಟೊ ತೆಗೆಯೋ ವಿಧಾನ ಜಗತ್ತಿಗೆ ಗೊತ್ತಾಗಿದ್ದು 1839ರಲ್ಲಿ. ಹಾಗಾಗಿ ರಾಣಿಯ ಫೋಟೊ ಇರೋಕೆ ಸಾಧ್ಯವೇ ಇಲ್ಲ. 1961ರ ‘ಕಿತ್ತೂರು ಚೆನ್ನಮ್ಮ’ ಚಿತ್ರದಲ್ಲಿ ಬಿ. ಸರೋಜಾದೇವಿ, 2012ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ದಲ್ಲಿ ಜಯಪ್ರದಾ ತೊಟ್ಟಿದ್ದು ಚಿತ್ರತಂಡದ ಕಲ್ಪನೆ. ಮೊದಲನೇದಂತೂ ಕಪ್ಪು-ಬಿಳುಪು, ಸೀರೆಯ ಬಣ್ಣವೇ ಕಾಣಲ್ಲ.

ಕತ್ತಿ ತಗಡಿನದಾದ್ರೂ ಗಾಡಿಯಲ್ಲೇ ಬಿಡಿ. ಸೆರಗು ಒಳಗಿನ ಹಳೇ ವಸ್ತುಗಳಿಗೆ ತಾಗದಂಗೆ ನೋಡ್ಕೊಳ್ಳಿ. ಹೊರಗೆ ಬಂದ ಮೇಲೆ ಕೋಟೆಯ ಗೋಡೆ ತೋರಿಸಿ ಮಗಳಿಗೆ ಹೇಳಿ: ಡ್ರೆಸ್ ಸಿನಿಮಾದ್ದು, 1824ರ ಯುದ್ಧ ಮಾತ್ರ ನಿಜ.