ಭೂಪಟದಲ್ಲಿ ಎರಡು ಬಿಂದುಗಳ ನಡುವಣ ದೂರ

ನಿರ್ದೇಶಾಂಕಗಳ ವ್ಯತ್ಯಾಸಗಳನ್ನು ವರ್ಗಿಸಿ, ಕೂಡಿಸಿ, ವರ್ಗಮೂಲವನ್ನು ತೆಗೆದರೆ ಎರಡು ಬಿಂದುಗಳ ನಡುವಣ ದೂರವು ದೊರೆಯುವುದು. ಇದು ಪೈಥಾಗೊರಸನ ಪ್ರಮೇಯವೇ ಸರಿ. ಆದರೆ ಎರಡು ಅಕ್ಷಗಳ ಮಾನವೂ ಒಂದೇ ಆಗಿರತಕ್ಕದ್ದು. ಬೊಮ್ಮನಹಳ್ಳಿ ಜಲಾಶಯದ ನೀರು ಸುರಂಗದಲ್ಲಿ ಹರಿದು ನಾಗಝರಿ ವಿದ್ಯುದಾಗಾರವನ್ನು ಸೇರುವ ಅಂಬಿಕಾನಗರದ ಸೀಮೆಯಲ್ಲಿ ಇದು ಬರಿಯ ಪಾಠದ ಮಾತಲ್ಲ. ಇಲ್ಲಿ, ಸುಮಾರು 15 ಡಿಗ್ರಿ ಉತ್ತರದಲ್ಲಿ, ಅಕ್ಷಾಂಶದ ಒಂದು ಡಿಗ್ರಿಯು 110.6 ಕಿಲೋಮೀಟರು, ಧ್ರುವದತ್ತ ಕಿರಿದಾಗುತ್ತ ಹೋಗುವ ರೇಖಾಂಶದ್ದು 107.5 ಮಾತ್ರ. ಎರಡು ಸ್ಥಳಗಳಿಗೆ ಅಕ್ಷಾಂಶದಲ್ಲಿ 0.03, ರೇಖಾಂಶದಲ್ಲಿ 0.04 ಡಿಗ್ರಿಗಳ ವ್ಯತ್ಯಾಸವಿದೆಯೆನ್ನೋಣ. ಡಿಗ್ರಿಗಳನ್ನೇ ಸೂತ್ರಕ್ಕೆ ಹಾಕಿದರೆ 0.05 ಡಿಗ್ರಿ, ಎಂದರೆ 5.53 ಕಿಲೋಮೀಟರು ಬರುವುದು. ಫಲವು ಅಂದವಾಗಿದೆ, ಸರಿಯಾಗಿಲ್ಲ. ಮೊದಲೇ ಕಿಲೋಮೀಟರಿಗೆ ಪರಿವರ್ತಿಸಿದರೆ 3.32 ಮತ್ತು 4.30, ದೂರ 5.43. ನೂರು ಮೀಟರಿನ ಈ ಅಂತರವನ್ನು ಎರಡು ತುದಿಗಳಿಂದ ಸುರಂಗ ಕೊರೆಯುವವರು ಸಹಿಸಲಾರರು.