ಸ್ಕ್ಯಾನಿನಲ್ಲಿ ಕಾಣದ ತಲೆನೋವು

ಕೊಡಿಗೇಹಳ್ಳಿ ಗೇಟಿನಲ್ಲಿ ಬಸ್ಸು ಹತ್ತಿ, ಹೆಬ್ಬಾಳ, ಮೇಖ್ರಿ ಸರ್ಕಲ್ ದಾಟಿ, ಊರಿನ ಆಚೆ ಬದಿಯ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಆಸ್ಪತ್ರೆ ಮುಟ್ಟುವ ಹೊತ್ತಿಗೆ ತಲೆನೋವಿನ ರೋಗಿ ಸಾಮಾನ್ಯವಾಗಿ ಬೇರೆ ಹಲವು ಬಾಗಿಲು ತಟ್ಟಿರುತ್ತಾರೆ. ಮೊದಲಿಗೆ ಬೀದಿ ಮೂಲೆಯ ಮೆಡಿಕಲ್ ಶಾಪು. ಆಮೇಲೆ ಮನೆಯ ಹಿರಿಯರು, 'ಪಿತ್ತ ಕೆದರಿದೆ' ಎಂದು ತೀರ್ಪು ಕೊಟ್ಟು ಶುಂಠಿ ಕಷಾಯ ಕಾಸುವವರು. ಕನ್ನಡಕದ ನಂಬರು ಬದಲಾಗುತ್ತದೆ. ಸೈನಸ್ಸಿಗೆ ಒಂದು ಕೋರ್ಸ್ ಮಾತ್ರೆಯೂ ಮುಗಿಯುತ್ತದೆ. ಕೊನೆಗೆ ಯಾರೋ 'ಒಂದು ಸ್ಕ್ಯಾನ್ ಮಾಡಿಸಿಬಿಡಿ' ಅನ್ನುತ್ತಾರೆ. ಹೆಬ್ಬಾಳದಿಂದ ಯಲಹಂಕದವರೆಗೆ ಎಂಆರ್‌ಐ ಯಂತ್ರಗಳಿಗೇನೂ ಬರವಿಲ್ಲ. ಸಾವಿರಗಟ್ಟಲೆ ದುಡ್ಡು ಕೊಟ್ಟು ತಂದ ವರದಿಯ ಕೊನೆಯ ಸಾಲು: ನಾರ್ಮಲ್. ಮನೆಯವರು ನಿಟ್ಟುಸಿರು ಬಿಡುತ್ತಾರೆ. ನೋವು ಉಣ್ಣುವವರಿಗೆ ಮಾತ್ರ ಅದು ಹೊಸ ಅವಮಾನ. ಇಷ್ಟು ದಿನ ನರಳಿದ್ದೆಲ್ಲ ನಾಟಕವೇ ಎಂದು ಯಾರೂ ಬಾಯಿಬಿಟ್ಟು ಕೇಳದಿದ್ದರೂ ಆ ಪ್ರಶ್ನೆ ಮನೆಯೊಳಗೆ ಓಡಾಡುತ್ತಿರುತ್ತದೆ.

ಎಂಆರ್‌ಐ ತೋರಿಸುವುದು ಮಿದುಳಿನ ರಚನೆಯನ್ನು. ಗೆಡ್ಡೆ, ಬಾವು, ರಕ್ತಸ್ರಾವ, ನೀರು ತುಂಬಿ ಹಿಗ್ಗಿದ ಭಾಗ ಇವೆಲ್ಲ ಅದರಲ್ಲಿ ಕಾಣುತ್ತವೆ. ಆದರೆ ಹೀಗೆ ಮರುಕಳಿಸುವ ಮೈಗ್ರೇನ್ ಎಂಬ ತಲೆನೋವಿನಲ್ಲಿ ಕೆಡುವುದು ನರಕೋಶಗಳ ನಡವಳಿಕೆ. ಚಿತ್ರದಲ್ಲಿ ಅಂಥ ಮಿದುಳು ಸಾಮಾನ್ಯವಾಗಿ ಎಲ್ಲರ ಮಿದುಳಿನ ಹಾಗೆಯೇ ಇರುತ್ತದೆ. ಇದನ್ನು ಹಿಡಿಯುವ ರಕ್ತಪರೀಕ್ಷೆಯೂ ಇಲ್ಲ. ಅಂತರರಾಷ್ಟ್ರೀಯ ತಲೆನೋವು ಸಂಘ 2018ರಲ್ಲಿ ಹೊರತಂದ ವರ್ಗೀಕರಣದ ಮೂರನೆಯ ಆವೃತ್ತಿ ನೋಡಿದರೆ, ಮೈಗ್ರೇನ್ ಗುರುತಿಸುವ ನಿಯಮಗಳಿಗೆ ಬೇಕಾದದ್ದೆಲ್ಲ ರೋಗಿಯ ಬಾಯಿಂದಲೇ ಬರಬೇಕು. ಕನಿಷ್ಠ 5 ಸಲ ಬಂದಿರಬೇಕು. ಔಷಧಿ ಕೊಡದಿದ್ದರೆ 4ರಿಂದ 72 ಗಂಟೆ ಕಾಡಬೇಕು. ಒಂದೇ ಪಕ್ಕದ ನೋವು, ನಾಡಿ ಬಡಿದ ಹಾಗೆ ಮಿಡಿಯುವುದು, ಕೆಲಸ ಕೆಡಿಸುವಷ್ಟು ಜೋರು, ಮೆಟ್ಟಿಲು ಹತ್ತಿದರೆ ಹೆಚ್ಚಾಗುವುದು ಈ ನಾಲ್ಕರಲ್ಲಿ ಎರಡಾದರೂ ಇರಬೇಕು. ಜೊತೆಗೆ ವಾಕರಿಕೆ ಅಥವಾ ವಾಂತಿ, ಇಲ್ಲವೇ ಬೆಳಕು ಮತ್ತು ಸದ್ದು ಎರಡನ್ನೂ ತಡೆಯಲಾಗದ ಸ್ಥಿತಿ. ಬೇರೆ ಕಾಯಿಲೆ ಇದಕ್ಕಿಂತ ಚೆನ್ನಾಗಿ ಹೊಂದುವಂತಿರಬಾರದು ಎಂಬುದು ಕೊನೆಯ ಷರತ್ತು. ಸ್ಕ್ಯಾನಿಗೆ ಏನಾದರೂ ಕೆಲಸವಿದ್ದರೆ ಈ ಕೊನೆಯ ಷರತ್ತಿನಲ್ಲಿ.

ವಾಂತಿಯಾದ ಮೇಲೆ ತಲೆ ಹಗುರಾಗುತ್ತದೆ, ಹಾಗಾಗಿ ಪಿತ್ತವೇ ಕಾರಣ ಎಂಬ ನಂಬಿಕೆ ಬಲವಾಗಿದೆ. ಅನುಭವ ನಿಜ, ಕಾರಣ ಮಾತ್ರ ತಿರುವುಮುರುವು. ಮೈಗ್ರೇನ್ ಬಂದಾಗ ಜಠರದ ಚಲನೆ ನಿಧಾನವಾಗುತ್ತದೆ, ತಿಂದದ್ದು ಮುಂದಕ್ಕೆ ಸಾಗುವುದಿಲ್ಲ. ಕೊನೆಗೆ ಬರುವ ಹಳದಿ ನೀರು ಆ ದಾಳಿಯದೇ ಒಂದು ಭಾಗ. ನುಂಗಿದ ಮಾತ್ರೆ ಕೆಲಸ ಮಾಡದಿರುವುದಕ್ಕೂ ಇದೊಂದು ಕಾರಣ. ಸೈನಸ್ ಕಥೆಯೂ ಹೀಗೆಯೇ. ಮೈಗ್ರೇನ್‌ನಲ್ಲಿ ಕೆನ್ನೆಯ ಮೂಳೆ ಒತ್ತಿದಂತಾಗಿ ಮೂಗು ಕಟ್ಟಿ ಕಣ್ಣಲ್ಲಿ ನೀರು ಬರುವುದುಂಟು. ಜ್ವರವಿಲ್ಲದೆ, ಕೀವಿನ ಸಿಂಬಳವಿಲ್ಲದೆ ತಿಂಗಳಿಗೆ ನಾಲ್ಕು ಸಲ ಬರುವ 'ಸೈನಸ್' ಬಹುಪಾಲು ಸೈನಸ್ ಅಲ್ಲ.

ಮೈಗ್ರೇನ್ ಯಾರೋ ಕೆಲವರ ಕಾಯಿಲೆಯೂ ಅಲ್ಲ. ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್, ಡಾ. ಗಿರೀಶ್ ಕುಲಕರ್ಣಿ ಮತ್ತು ಸಂಗಡಿಗರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 18ರಿಂದ 65 ವಯಸ್ಸಿನ 2,329 ಜನರನ್ನು ಕೇಳಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಕಂಡವರು ಶೇ. 63.9. ಮೈಗ್ರೇನ್ ಇದ್ದವರು ಶೇ. 25.2, ಅಂದರೆ ನಾಲ್ವರಲ್ಲಿ ಒಬ್ಬರು. ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಹೆಚ್ಚು. ಟ್ರಾಫಿಕ್ಕು, ಕಂಪ್ಯೂಟರು, ಐಟಿ ಕೆಲಸದ ಒತ್ತಡ ಎಂದು ದೂರುವ ನಮಗೆ ಚುಚ್ಚುವ ಸಂಗತಿ ಒಂದಿದೆ: ತಲೆನೋವು ನಗರಕ್ಕಿಂತ ಹಳ್ಳಿಯವರಲ್ಲೇ ಜಾಸ್ತಿ ಕಂಡಿತು. ನ್ಯೂರಾಲಜಿಸ್ಟ್ ಇರುವುದು ಮಾತ್ರ ನಗರದಲ್ಲಿ.

ಹೆದರಿಸುವುದು ನೋವಿಗಿಂತ ಅದರ ಜೊತೆ ಬರುವ ನರಲಕ್ಷಣಗಳು. ಕಣ್ಣೆದುರು ಅಂಕುಡೊಂಕಾದ ಮಿನುಗು ಗೆರೆ, ಅರ್ಧ ನೋಟ ಮಾಯ, ಬೆರಳಿನಿಂದ ಮೊಣಕೈಗೆ, ಅಲ್ಲಿಂದ ತುಟಿಗೆ ಏರುವ ಜೋಮು, ಪದ ಸಿಗದೆ ತಡವರಿಸುವ ಮಾತು. ಇದಕ್ಕೆ ಆರಾ ಎಂದು ಹೆಸರು. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ಲ್ಯಾಶ್ಲಿ ತನ್ನ ಕಣ್ಣೆದುರಿನ ಗೆರೆ ಸರಿಯುವುದನ್ನು ಹೊತ್ತು ಹೊತ್ತಿಗೆ ಚಿತ್ರ ಬರೆದು, ಮಿದುಳಿನ ಹೊರಪದರದ ಮೇಲೆ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಹರಿಯುತ್ತಿರಬೇಕು ಎಂದು 1941ರಲ್ಲಿ ಲೆಕ್ಕ ಹಾಕಿದ. ಬ್ರೆಜಿಲ್‌ನ ಅರಿಸ್ಟೀಡಿಸ್ ಲಿಯಾವೊ 1944ರಲ್ಲಿ ಮೊಲದ ಮಿದುಳಿನಲ್ಲಿ ಅಷ್ಟೇ ನಿಧಾನವಾಗಿ ಹಬ್ಬುವ ವಿದ್ಯುತ್ ಸ್ತಬ್ಧತೆಯನ್ನು ದಾಖಲಿಸಿದ. ಈ ನಿಧಾನವೇ ವೈದ್ಯರಿಗೆ ಸುಳಿವು. ಆರಾ ನಿಮಿಷಗಟ್ಟಲೆ ತೆಗೆದುಕೊಂಡು ಹಬ್ಬುತ್ತದೆ, ಒಂದೊಂದು ಲಕ್ಷಣವೂ 5ರಿಂದ 60 ನಿಮಿಷ ಇದ್ದು ಹೋಗುತ್ತದೆ. ಪಾರ್ಶ್ವವಾಯುವಿನಲ್ಲಿ ಕೈ ಸೋಲುವುದು ತಟ್ಟನೆ. ಆದ್ದರಿಂದ 'ಕೈ ಜೋಮು ಹಿಡಿಯಿತು' ಎಂದಷ್ಟೇ ಹೇಳಿದರೆ ಸಾಲದು. ಎಲ್ಲಿ ಶುರುವಾಗಿ ಎಲ್ಲಿಗೆ ಹೋಯಿತು, ಎಷ್ಟು ಹೊತ್ತಿನಲ್ಲಿ ಎಂಬುದೇ ರೋಗನಿರ್ಣಯ. ಅದೂ ಮೊದಲ ಸಲ ಬಂದಿದ್ದರೆ ಮೈಗ್ರೇನ್ ಇರಬಹುದು ಎಂದು ಮನೆಯಲ್ಲಿ ಕಾಯುವುದು ಬೇಡ, ಆಸ್ಪತ್ರೆಗೆ ಹೋಗಬೇಕು.

ರೋಗಿಯ ಮಾತಿನಿಂದಲೇ ಒಂದು ಕಾಯಿಲೆ ಬೆಳಕಿಗೆ ಬಂದದ್ದಕ್ಕೆ ನಮ್ಮ ಹಳೆ ಮೈಸೂರು ಸೀಮೆಯಲ್ಲೇ ಉದಾಹರಣೆ ಇದೆ. ಬಿಸಿನೀರು ತಲೆಗೆ ಹೊಯ್ದುಕೊಂಡಾಗ ಬಚ್ಚಲಲ್ಲೇ ಪ್ರಜ್ಞೆ ತಪ್ಪುವವರ ಕಥೆಯನ್ನು ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಗಂಭೀರವಾಗಿ ಕೇಳಿಸಿಕೊಂಡರು. 1972ರಲ್ಲಿ ಅವರ ತಂಡ ಅಂಥ 60 ಮಂದಿಯ ವಿವರ ಪ್ರಕಟಿಸಿತು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತಿತರರು 279 ಮಂದಿಯದು. ಬಿಸಿನೀರಿನ ಅಪಸ್ಮಾರ ಎಂಬ ಹೆಸರಿನಲ್ಲಿ ಅದು ಇಂದು ಜಗತ್ತಿನ ಪಠ್ಯಪುಸ್ತಕಗಳಲ್ಲಿದೆ. ತಲೆಸ್ನಾನದ ಮಾತು ಅಲ್ಲಿಗೇ ನಿಲ್ಲಲಿಲ್ಲ. ಮುಂಬೈನ ಡಾ. ಕೆ. ರವಿಶಂಕರ್ 2006ರಲ್ಲಿ, ತಲೆಗೆ ನೀರು ಹಾಕಿಕೊಂಡರೆ ಮೈಗ್ರೇನ್ ಬರುವ 94 ಭಾರತೀಯರ ಬಗ್ಗೆ ಬರೆದರು. ಪಾಶ್ಚಾತ್ಯ ಪ್ರಶ್ನಾವಳಿಗಳಲ್ಲಿ ಚಾಕೊಲೇಟ್, ಚೀಸ್, ವೈನ್ ಎಂದು ಕೇಳುತ್ತಾರೆ. ನಮ್ಮ ಹೆಂಗಸರು 'ಶುಕ್ರವಾರ ತಲೆಗೆ ಹಾಕ್ಕೊಂಡ್ರೆ ಶನಿವಾರ ಏಳೋಕಾಗಲ್ಲ ಡಾಕ್ಟ್ರೇ' ಅಂದರೆ ಅದನ್ನೂ ಅಷ್ಟೇ ಮುತುವರ್ಜಿಯಿಂದ ಬರೆದುಕೊಳ್ಳಬೇಕು.

ಇನ್ನು, ಸ್ಕ್ಯಾನ್ ಬೇಕೇ ಬೇಕಾದ ತಲೆನೋವುಗಳು. ಇವುಗಳಲ್ಲಿ ಕರ್ನಾಟಕದ ಮಟ್ಟಿಗೆ ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಬಾಣಂತಿಯ ತಲೆನೋವು. ಹೆರಿಗೆಯಾದ ಮೇಲೆ ಆರು ವಾರ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚು. ಅದರ ಮೇಲೆ 'ನೀರು ಕುಡಿದರೆ ಹೊಟ್ಟೆ ಬರುತ್ತೆ, ಮಗುವಿಗೆ ಶೀತ ಆಗುತ್ತೆ' ಎಂದು ಬಾಣಂತಿಗೆ ಲೋಟ ಅಳೆದು ನೀರು ಕೊಡುವ ಮನೆಗಳಿವೆ. ಮೈಯಲ್ಲಿ ನೀರು ಬತ್ತಿ, ಮಿದುಳಿನಿಂದ ರಕ್ತವನ್ನು ಹೊರಕ್ಕೆ ಒಯ್ಯುವ ಅಭಿಧಮನಿಗಳಲ್ಲಿ ಅದು ಹೆಪ್ಪುಗಟ್ಟಿದರೆ, ಮೋರಿ ಕಟ್ಟಿಕೊಂಡ ಬೀದಿಯಲ್ಲಿ ಮಳೆನೀರು ಮನೆಯೊಳಕ್ಕೆ ನುಗ್ಗುವ ಹಾಗೆ ಒತ್ತಡ ಹಿಂದಕ್ಕೆ ತುಂಬಿಕೊಳ್ಳುತ್ತದೆ. ದಿನದಿನಕ್ಕೆ ಏರುವ ತಲೆನೋವು, ವಾಂತಿ, ನೋಟ ಮಂಜು, ಆಮೇಲೆ ಫಿಟ್ಸ್ ಅಥವಾ ಒಂದು ಪಕ್ಕದ ಸೋಲು. 'ಬಾಣಂತಿ ಸನ್ನಿ' ಎಂದು ಮಂತ್ರ ಹಾಕಿಸಿ ಕಳೆದ ದಿನಗಳು ಇಲ್ಲಿ ದುಬಾರಿ. ನಿಮ್ಹಾನ್ಸ್‌ನಲ್ಲಿ ಡಾ. ಡಿ. ನಾಗರಾಜ ಮತ್ತು ಸಹೋದ್ಯೋಗಿಗಳು ದಶಕಗಳ ಕಾಲ ಈ ಕಾಯಿಲೆಯ ಬೆನ್ನು ಹತ್ತಿದರು. ಬಾಣಂತಿಯರ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಮೈನೊ ಆಮ್ಲ ಹೆಚ್ಚಿ ಫೋಲೇಟ್ ಎಂಬ ಜೀವಸತ್ವ ಕಡಿಮೆಯಾಗಿರುವುದಕ್ಕೂ ಇದಕ್ಕೂ ನಂಟಿದೆ ಎಂದು 2008ರಲ್ಲಿ ತೋರಿಸಿದ್ದೂ ಅವರ ತಂಡ. ಸಾದಾ ಸಿಟಿ ಸ್ಕ್ಯಾನಿನಲ್ಲಿ ಇದು ತಪ್ಪಿಹೋಗಬಹುದು. ಅಭಿಧಮನಿಗಳನ್ನೇ ತೋರಿಸುವ ಎಂಆರ್ ವೀನೋಗ್ರಾಮ್‌ನಂಥ ಪರೀಕ್ಷೆ ಬೇಕು. ಅದನ್ನು ಬರೆಯಬೇಕಾದರೆ ವೈದ್ಯರಿಗೆ ಹೆರಿಗೆಯಾಗಿ ಎಷ್ಟು ದಿನವಾಯಿತು ಎಂಬುದು ಗೊತ್ತಿರಬೇಕು. ಗರ್ಭನಿರೋಧಕ ಮಾತ್ರೆ ಅಥವಾ ಮುಟ್ಟು ಮುಂದೂಡುವ ಮಾತ್ರೆ ತೆಗೆದುಕೊಂಡದ್ದನ್ನೂ ಮುಚ್ಚಿಡದೆ ಹೇಳಬೇಕು.

ಚಿಕಿತ್ಸೆ ಇದೆ ಎಂಬುದೇ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ. 1991ರಲ್ಲಿ ಜರ್ಮನಿಯ ಐನ್‌ಹೊಯ್ಪ್ಲ್ ತಂಡ ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿದ 20 ರೋಗಿಗಳಲ್ಲಿ, ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಔಷಧಿಯನ್ನು ಪರೀಕ್ಷಿಸಿತು. ಹೆಪಾರಿನ್ ಪಡೆದ 10 ಜನರಲ್ಲಿ 8 ಮಂದಿ ಪೂರ್ತಿ ಗುಣವಾದರು, ಯಾರೂ ಸಾಯಲಿಲ್ಲ. ಪಡೆಯದ 10ರಲ್ಲಿ ಪೂರ್ತಿ ಗುಣವಾದದ್ದು ಒಬ್ಬರು, ಸತ್ತವರು 3.

ಎಚ್ಚರಿಕೆ ಬೇಕಾದ ಉಳಿದ ತಲೆನೋವುಗಳನ್ನು ಬೇಗ ಹೇಳಿ ಮುಗಿಸಬಹುದು. ಒಂದು ನಿಮಿಷದೊಳಗೆ ತುತ್ತತುದಿ ಮುಟ್ಟುವ ಸಿಡಿಲಿನಂಥ ನೋವು ಬಂದರೆ ಓಪಿಡಿ ಚೀಟಿಗೆ ಕಾಯದೆ ನೇರ ಕ್ಯಾಶುಯಾಲಿಟಿಗೆ. ಜ್ವರ, ತೂಕ ಇಳಿತ, ವಾರಗಟ್ಟಲೆ ತಲೆನೋವು, ಮಂಕು ಇದ್ದರೆ ಕ್ಷಯದ ಮಿದುಳುಪೊರೆ ಉರಿಯೂತ ನಮ್ಮ ದೇಶದಲ್ಲಿ ಮೊದಲು ನೆನಪಾಗಬೇಕು. 50 ದಾಟಿದ ಮೇಲೆ ಹೊಸದಾಗಿ ಶುರುವಾದ ನೋವು ಎಷ್ಟು ಸಣ್ಣದಾದರೂ ಕಡೆಗಣಿಸುವಂತಿಲ್ಲ. ತೂಕ ಏರಿದ ಯುವತಿಗೆ ಬಗ್ಗಿದಾಗ ಕ್ಷಣಕಾಲ ಕಣ್ಣು ಕತ್ತಲಾಗಿ, ಕಿವಿಯಲ್ಲಿ ನಾಡಿಯ ಸದ್ದು ಕೇಳುತ್ತಿದ್ದರೆ ತಲೆಬುರುಡೆಯೊಳಗಿನ ಒತ್ತಡ ಹೆಚ್ಚಿರಬಹುದು. ಇದಕ್ಕೆ ಮೊದಲ ಪರೀಕ್ಷೆ ಅಗ್ಗದ್ದು: ಕಣ್ಣಿನ ಹಿಂಬದಿಯ ನರ ಊದಿದೆಯೇ ಎಂದು ಆಫ್ತಾಲ್ಮೋಸ್ಕೋಪ್ ಹಿಡಿದು ನೋಡುವುದು. ಎಂಆರ್‌ಐಗೆ ಚೀಟಿ ಬರೆಯುವ ಮುನ್ನ ಈ ಎರಡು ನಿಮಿಷದ ನೋಟ ಎಷ್ಟು ಕಡೆ ಬಿಟ್ಟುಹೋಗುತ್ತದೆ ಎಂಬುದು ನನಗೆ ಇಂದಿಗೂ ಸಿಟ್ಟು ತರಿಸುವ ವಿಷಯ.

ದಿನಾ ತಲೆನೋವು ಎನ್ನುವವರಲ್ಲಿ ಇನ್ನೊಂದು ತನಿಖೆ ಮನೆಯ ಮಾತ್ರೆ ಡಬ್ಬಿಯದು. ಸಾದಾ ಪ್ಯಾರಾಸಿಟಮಾಲ್ ತಿಂಗಳಿಗೆ 15 ದಿನ, ಎರಡು ಮೂರು ಔಷಧಿ ಬೆರೆಸಿದ ಮಾತ್ರೆಗಳಾದರೆ 10 ದಿನ, ಹೀಗೆ ಮೂರು ತಿಂಗಳಿಗಿಂತ ಹೆಚ್ಚು ನುಂಗಿದರೆ ಮಾತ್ರೆಯೇ ತಲೆನೋವನ್ನು ಸಾಕತೊಡಗುತ್ತದೆ. ನಿಲ್ಲಿಸಿದಾಗ ಮೊದಲ ಕೆಲವು ದಿನ ನೋವು ಕೆರಳುತ್ತದೆ. ಇದನ್ನು ಮುಂಚೆಯೇ ಹೇಳದಿದ್ದರೆ ರೋಗಿ ಮೂರನೇ ದಿನಕ್ಕೆ ಮೆಡಿಕಲ್ ಶಾಪಿಗೆ ವಾಪಸ್.

ದೊಡ್ಡಾಸ್ಪತ್ರೆಯಲ್ಲಿ ಸಿಗುವುದು ಕೆಲವೇ ನಿಮಿಷ. ಅಲ್ಲಿ ನೆನಪು ಕೈಕೊಡುತ್ತದೆ, ಜೊತೆಗೆ ಬಂದವರು ನಡುವೆ ಬಾಯಿ ಹಾಕುತ್ತಾರೆ. ಗೋಡೆ ಕ್ಯಾಲೆಂಡರಿನಲ್ಲೇ ಒಂದೆರಡು ತಿಂಗಳು ಗುರುತು ಹಾಕಿಕೊಂಡು ಹೋಗುವುದು ಒಳ್ಳೆಯದು: ನೋವಿನ ದಿನ, ಎಷ್ಟು ಗಂಟೆ, ನುಂಗಿದ ಮಾತ್ರೆ, ಮುಟ್ಟಿನ ದಿನ, ಉಪವಾಸ, ನಿದ್ದೆಗೆಟ್ಟ ರಾತ್ರಿ. ಖಾಲಿ ಮಾತ್ರೆ ಪಟ್ಟಿಗಳನ್ನು ಎಸೆಯದೆ ಒಯ್ಯಿ. ಕೈ ಸೋತದ್ದು, ಮಾತು ತೊದಲಿದ್ದು, ಪ್ರಜ್ಞೆ ತಪ್ಪಿದ್ದು ಇದ್ದರೆ ಮನೆಯವರು ಮೊಬೈಲಿನಲ್ಲಿ ವಿಡಿಯೊ ಹಿಡಿದಿಟ್ಟಿರಲಿ, ಕಣ್ಣಾರೆ ಕಂಡವರೇ ಜೊತೆಗೆ ಬರಲಿ.

ಎಲ್ಲರೂ ಹೊಸೂರು ರಸ್ತೆಯವರೆಗೆ ಹೋಗಲೇಬೇಕೆಂದೂ ಇಲ್ಲ. 2022ರ ಜನವರಿಯಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ತಲೆನೋವು, ಅಪಸ್ಮಾರ, ಪಾರ್ಶ್ವವಾಯು, ಮರೆವಿನ ಕಾಯಿಲೆಗಳನ್ನು ಗುರುತಿಸಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಡುವ ಉದ್ದೇಶದ್ದು. ಮೊದಲ ಪ್ರಯೋಗ ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರು ದಕ್ಷಿಣದಲ್ಲಿ ನಡೆಯಿತು. ಹತ್ತಿರದ ವೈದ್ಯರು ಮೈಗ್ರೇನ್ ಎಂದು ಗುರುತಿಸಿ, ನೋವು ಬಾರದಂತೆ ತಡೆಯುವ ಔಷಧಿ ಶುರುಮಾಡಿದರೆ ಅದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಎರಡು ತಿಂಗಳಾದರೂ ಬೇಕು. ವಾರದಲ್ಲಿ ಗುಣ ಕಾಣಲಿಲ್ಲವೆಂದು ಡಾಕ್ಟರನ್ನು ಬದಲಾಯಿಸಿದರೆ ಹೊಸಬರ ಮುಂದೆ ಕಥೆ ಮತ್ತೆ ಮೊದಲಿನಿಂದ ಶುರು. ಆದರೆ ಆ ಎರಡು ತಿಂಗಳಲ್ಲಿ ನೋವಿನ ಸ್ವಭಾವವೇ ಬದಲಾದರೆ, ಹೊಸ ಲಕ್ಷಣ ಸೇರಿಕೊಂಡರೆ, ಮುಂದಿನ ತಾರೀಖಿಗೆ ಕಾಯದೆ ಅದೇ ವೈದ್ಯರ ಬಳಿಗೆ ಕ್ಯಾಲೆಂಡರ್ ಹಿಡಿದು ಹೋಗಬೇಕು. ಹೋದ ವರ್ಷದ ನಾರ್ಮಲ್ ಸ್ಕ್ಯಾನ್ ಈ ವರ್ಷದ ಹೊಸ ನೋವಿಗೆ ಉತ್ತರ ಹೇಳುವುದಿಲ್ಲ.